ಡ್ರಾಯರಿಗೆ ಹೋದ ಪ್ರೊಸೆಸರ್

ವಾರಿಜಮ್ಮನವರ ಡಿಟಿಪಿ ಅಂಗಡಿಯ ಹಳೆಯ ಕಂಪ್ಯೂಟರಿನೊಳಗೆ, ಕೆಲಸ ಮಾಡುವ ಪ್ರೊಸೆಸರ್ ಮತ್ತು ಅದಕ್ಕೆ ಬೇಕಾದದ್ದನ್ನು ಹಿಡಿದುಕೊಡುವ ಮೆಮೊರಿ ಅಕ್ಕಪಕ್ಕದಲ್ಲಿದ್ದವು. ಅಂದು ಬಂದದ್ದು ಒಂದು ಲಗ್ನಪತ್ರಿಕೆ. ಸುಖಾಗಮನ ಬಯಸುವವರೇ ಇನ್ನೂರ ಹನ್ನೆರಡು ಮಂದಿ.

“ಮುಂದಿನ ಹೆಸರು,” ಎಂದಿತು ಪ್ರೊಸೆಸರ್.

“ಸ್ವಲ್ಪ ತಡೆಯಿರಿ,” ಎಂದಿತು ಮೆಮೊರಿ. “ನನ್ನಲ್ಲಿ ಜಾಗವಿಲ್ಲ. ದೊಡ್ಡಪ್ಪಂದಿರನ್ನು ನಿಧಾನದ ಉಗ್ರಾಣವಾದ ಡಿಸ್ಕಿಗೆ ಕಳಿಸಿದ ಮೇಲೆಯೇ ಸೋದರಮಾವಂದಿರನ್ನು ಅಲ್ಲಿಂದ ಕರೆಸಬೇಕು. ನನ್ನ ಪಕ್ಕದ ಜಾಗ ಖಾಲಿಯಿದೆ. ಮೆಮೊರಿ ಸಾಲದು ಎಂದು ಪರದೆಯ ಮೇಲೆ ನೀವು ಒಂದು ಸಾಲು ಹಾಕಿ; ವಾರಿಜಮ್ಮ ನನ್ನಂಥ ಇನ್ನೊಬ್ಬರನ್ನು ತಂದು ಕೂರಿಸುತ್ತಾರೆ.”

“ಹಾಕುವುದಿಲ್ಲ. ಆಮೇಲೆ ಕೆಲಸ ಬೇಗ ಮುಗಿದರೆ ಹೆಸರು ನಿಮಗೆ ಬರುತ್ತದೆ. ಈ ಅಂಗಡಿಯಲ್ಲಿ ವೇಗ ಎಂದರೆ ನಾನು.”

ಪತ್ರಿಕೆಗಾಗಿ ಕಾದಿದ್ದ ಹೆಣ್ಣಿನ ಕಡೆಯವರು ಎರಡನೇ ಸಲ ಚಹಾ ಕುಡಿದರು. ಪರದೆಯ ಮೇಲೆ ಮರಳುಗಡಿಯಾರ ಕದಲಲಿಲ್ಲ. ವಾರಿಜಮ್ಮ ರಿಪೇರಿಯ ಇಸ್ಮಾಯಿಲ್ ಸಾಹೇಬರನ್ನು ಕರೆಸಿ, ಡಬ್ಬ ಬಿಚ್ಚಿಸಿ ಕೇಳಿದರು: “ಇದರಲ್ಲಿ ವೇಗವೆಲ್ಲ ಯಾವುದರ ಕೈಲಿದೆ?”

“ಇದರ ಕೈಲಿ,” ಎಂದು ಸಾಹೇಬರು ಪ್ರೊಸೆಸರ್ ತೋರಿಸಿದರು. ಪ್ರೊಸೆಸರಿಗೆ ಬಹಳ ಸಂತೋಷವಾಯಿತು.

“ಹಾಗಾದರೆ ತಡ ಮಾಡುತ್ತಿರುವುದೂ ಇದೇ. ತೆಗೆಯಿರಿ.”

ಎರಡು ಪಟ್ಟು ವೇಗದ ಹೊಸ ಪ್ರೊಸೆಸರ್ ಬಂದು ಕೂತಿತು. ಕೂತೊಡನೆ, “ಮುಂದಿನ ಹೆಸರು,” ಎಂದಿತು.

“ಸ್ವಲ್ಪ ತಡೆಯಿರಿ, ಸೋದರಮಾವಂದಿರು ಇನ್ನೂ ಡಿಸ್ಕಿನಲ್ಲಿದ್ದಾರೆ,” ಎಂದಿತು ಮೆಮೊರಿ.

“ನನ್ನಂಥವನನ್ನು ಕಾಯಿಸುತ್ತೀರಾ?”

“ಹಿಂದಿನವರೂ ಹೀಗೇ ಕೇಳುತ್ತಿದ್ದರು. ಈಗ ಡ್ರಾಯರಿನಲ್ಲಿದ್ದಾರೆ.”