ಸುತ್ತಿಗೆಗೆ ಕೊಟ್ಟ ಸದ್ದು

ಗಣಿ ಕೆಲಸದವರನ್ನ ಗುಡ್ಡದ ಮೇಲಿಂದ ಊರಿಗೆ ಇಳಿಸೋ ಹಳೇ ರೈಲೊಂದಿತ್ತು. ಅದರ ಕಡೇ ಡಬ್ಬಿ ಕೆಳಗೆ ಒಂದೇ ಅಚ್ಚಿಗೆ ಸೇರಿದ ಎರಡು ಚಕ್ರ ಇದ್ವು. ರೈಲಿನ ಜೊತೇಲೇ ಬರೋ ಸೆಲ್ವಣ್ಣ ಹೊರಡೋ ಮುಂಚೆ ಒಂದೊಂದು ಚಕ್ರಕ್ಕೂ ಸುತ್ತಿಗೇಲಿ ಬಡಿದು ಕೇಳೋನು. ಠಣ್ ಅಂದ್ರೆ ಗಟ್ಟಿ, ಠಪ್ ಅಂದ್ರೆ ಬಿರುಕು.

ಎಡಗಡೆ ಚಕ್ರ ಬಿರುಕು ಬಿಟ್ಟಿತ್ತು. "ಅವನು ನನಗೆ ಬಡಿದಾಗ ನೀನು ಠಣ್ ಅನ್ನು, ಅಣ್ಣಾ. ಇಲ್ಲಾಂದ್ರೆ ನನ್ನ ಗುಜರಿಗೆ ಹಾಕ್ತಾರೆ," ಅಂತು.

"ನಿನ್ನ ಕಿತ್ತರೆ ನನ್ನನ್ನೂ ಕೀಳ್ತಾರೆ. ಅಂತೀನಿ ಬಿಡು," ಅಂತು ಬಲಗಡೇದು.

ಸೆಲ್ವಣ್ಣ ಎಡಗಡೇದಕ್ಕೆ ಬಡಿದಾಗ ಬಲಗಡೇದು ಹಾಗೇ ಠಣ್ ಅಂತು. ರೈಲು ಇಳಿಜಾರು ಹಿಡೀತು. ಪ್ರತಿ ತಿರುವಲ್ಲೂ ಬಿರುಕು ಕಿರ್ ಅಂತ ಬಾಯಿ ಬಿಡ್ತಿತ್ತು. ಮೇಲೆ ಡಬ್ಬೀಲಿ ಒಬ್ಬಳು ತಾಯಿ ಮಗೂಗೆ ಹೇಳ್ತಿದ್ದಳು, "ಹೆದರಬೇಡ ಕಂದಾ, ಸೆಲ್ವಣ್ಣ ಮಾವ ಎಲ್ಲಾ ಬಡಿದು ನೋಡಿದಾರೆ."

ಅದನ್ನ ಕೇಳಿ ಬಲಗಡೆ ಚಕ್ರದ ಮೈಯೆಲ್ಲ ತಣ್ಣಗಾಯ್ತು.

ನಡುವಿನ ಸ್ಟೇಷನ್ನಲ್ಲಿ ಇಂಜಿನ್ನಿಗೆ ನೀರು ತುಂಬೋಕೆ ನಿಲ್ಲಿಸಿದ್ರು. ಸೆಲ್ವಣ್ಣ ಮತ್ತೆ ಸುತ್ತಿಗೆ ಹಿಡ್ಕೊಂಡು ಬಂದ.

"ಇನ್ನೊಂದೇ ಸಲ, ಅಣ್ಣಾ. ಸೇತುವೆ ದಾಟಿದ್ರೆ ಊರೇ ಬಂತು," ಅಂತು ಎಡಗಡೇದು.

"ಆ ಸೇತುವೆ ನೆನೆಸ್ಕೊಂಡ್ರೇ ನನಗೆ ಭಯ," ಅಂತು ಬಲಗಡೇದು.

ಸುತ್ತಿಗೆ ಎಡಗಡೆ ಚಕ್ರದ ಮೇಲೆ ಬಿತ್ತು. ಬಲಗಡೇದು ಉಸಿರು ಬಿಗಿಹಿಡಿದು ಸುಮ್ಮನಿತ್ತು.

ಠಪ್.

ಸೆಲ್ವಣ್ಣ ಸುತ್ತಿಗೆ ಕೆಳಗಿಟ್ಟ. "ಎಲ್ಲರೂ ಇಳೀರಪ್ಪಾ, ಮೆಲ್ಲಗೆ ಇಳೀರಿ," ಅಂದ.

ಜನ ಸೇತುವೆ ಮೇಲೆ ನಡ್ಕೊಂಡು ಊರು ಸೇರಿದ್ರು. ಎರಡು ಚಕ್ರಾನೂ ಒಟ್ಟಿಗೇ ಗುಜರಿಗೆ ಹೋದ್ವು. ಅಲ್ಲಿ ಯಾರೋ ಬಲಗಡೇದಕ್ಕೆ ಸುಮ್ಮನೆ ಬಡಿದು ನೋಡಿದ್ರು. ಅದು ಠಣ್ ಅಂತು.