ಸದ್ದು ಮಾಡದ ಚಿಟುಕಿ

ದೊಡ್ಡದೊಂದು ಕೆರೆ. ಕೆರೆಯ ಏರಿಯ ಮೇಲೆ ಸಾಲಾಗಿ ಇಪ್ಪೆಮರಗಳು. ಅವುಗಳಲ್ಲಿ ನೀರಿನ ಕಡೆಗೆ ಬಾಗಿ ನಿಂತ ಮರವೊಂದರ ಕವಲಿನಲ್ಲಿ ಗೀರಮ್ಮ ಎಂಬ ಅಳಿಲು ಗೂಡು ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದಳು. ತೆಂಗಿನ ನಾರು, ಹತ್ತಿ, ಯಾರದೋ ಹರಿದ ಪಂಚೆಯ ಚೂರು, ಎಲ್ಲ ಸೇರಿಸಿ ಕಟ್ಟಿದ ಬೆಚ್ಚನೆಯ ಗೂಡು.

ಗೀರಮ್ಮನಿಗೆ ಇಬ್ಬರು ಮಕ್ಕಳು. ಹಿರಿಯವಳು ಚಿಟುಕಿ. ಕೊಂಬೆಯಿಂದ ಕೊಂಬೆಗೆ ಹಾರುವುದನ್ನು ಆಗಷ್ಟೇ ಕಲಿತಿದ್ದಳು. ಎದ್ದಾಗಿನಿಂದ ಮಲಗುವವರೆಗೆ ಮಾತು, ಹಾಡು, ಹಟ. ಕಿರಿಯವನು ಮುದ್ದೆ. ಹೆಸರಿಗೆ ತಕ್ಕಂತೆ ರಾಗಿಮುದ್ದೆಯ ಹಾಗೆ ಗುಂಡಗಿದ್ದ. ನಡೆಯುವುದಕ್ಕಿಂತ ಬೀಳುವುದೇ ಜಾಸ್ತಿ. ಅವನಿಗೆ ಬರುತ್ತಿದ್ದದ್ದು ಒಂದೇ ಮಾತು, "ಕೀಚ್!" ಹಣ್ಣು ಕಂಡರೂ ಕೀಚ್, ಇರುವೆ ಕಂಡರೂ ಕೀಚ್, ಅಮ್ಮನೂ ಕೀಚ್, ಅಕ್ಕನೂ ಕೀಚ್.

ಮಕ್ಕಳ ಅಪ್ಪ ಬೆಳಕು ಹರಿಯುತ್ತಲೇ ಕೆರೆಯ ಹಿಂದಿನ ಕಡಲೆಕಾಯಿ ಹೊಲಕ್ಕೆ ಹೋದರೆ ಬರುವುದು ಸಂಜೆಗೇ. ಅಲ್ಲಿಯವರೆಗೆ ಆ ಇಬ್ಬರಿಗೂ ಗೀರಮ್ಮ ಒಬ್ಬಳೇ.

ನಿಮ್ಮ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ, ಆ ಗೂಡಿನ ಬೆಳಗು ಹೇಗಿರುತ್ತಿತ್ತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

"ಅಮ್ಮಾ, ಹಣ್ಣು ಮುರಿದಿದೆ! ನನಗೆ ಮುರಿದದ್ದು ಬೇಡ!"

"ಮುರಿದು ಕೊಡು ಅಂತ ನೀನೇ ಅಂದೆಯಲ್ಲೇ?"

"ಈಗ ಅಂಟಿಸಿ ಕೊಡು!"

ಹಣ್ಣನ್ನು ಅಂಟಿಸುವುದು ಹೇಗೆ? ಚಿಟುಕಿ ಕೊಂಬೆಯ ಮೇಲೆ ಬಿದ್ದು ಹೊರಳಾಡಿ ಅತ್ತಳು. ಅಕ್ಕ ಅತ್ತಳೆಂದು ಮುದ್ದೆಯೂ ಅತ್ತ. ಅವನನ್ನು ಎತ್ತಿಕೊಂಡರೆ ಇವಳಿಗೂ ಅಮ್ಮನ ಮಡಿಲೇ ಬೇಕು. ಇಬ್ಬರನ್ನೂ ಮಡಿಲಿಗೆ ಹಾಕಿಕೊಂಡರೆ ಒಬ್ಬರ ಬಾಲ ಇನ್ನೊಬ್ಬರ ಬಾಯಿಗೆ. ಕೊನೆಗೆ ಆ ಮುರಿದ ಹಣ್ಣನ್ನು ಮುದ್ದೆ ತಿಂದುಬಿಟ್ಟ. ಬೇಡವಾಗಿದ್ದ ಹಣ್ಣಿಗಾಗಿ ಚಿಟುಕಿ ಮತ್ತೆ ಒಂದು ಸುತ್ತು ಅತ್ತಳು. ಗೀರಮ್ಮ ತನಗೆಂದು ಬಿಡಿಸಿಟ್ಟುಕೊಂಡ ಕಡಲೆಬೀಜ ಮಧ್ಯಾಹ್ನವಾದರೂ ಹಾಗೇ ಬಿದ್ದಿತ್ತು.

ಅದೇ ಮರದ ನೆತ್ತಿಯಲ್ಲಿ ಬಿಳಿಯಕ್ಕ ಎಂಬ ಬೆಳ್ಳಕ್ಕಿಯ ಮನೆ. ಬಿಳಿಯಕ್ಕನ ನಡಿಗೆ ಠೀವಿ, ಮಾತು ತೂಕ. ಅವಳು ಒಂದು ದಿನ ಕೆಳಗಿನ ಕೊಂಬೆಗೆ ಇಳಿದು ಬಂದು ಕತ್ತು ಚಾಚಿದಳು.

"ಗೀರಮ್ಮ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮನೆಯ ಗಲಾಟೆ ಕೆರೆಯ ಆಚೆ ದಡಕ್ಕೂ ಕೇಳುತ್ತೆ. ಮೀನೆಲ್ಲ ತಳ ಸೇರಿಬಿಡುತ್ತವೆ."

"ಚಿಕ್ಕ ಮಕ್ಕಳಲ್ವಾ ಅಕ್ಕ..."

"ನನಗೂ ಮೂರು ಮಕ್ಕಳಿದ್ದಾರಮ್ಮ. ನೀರಿನ ಅಂಚಿನಲ್ಲಿ ನಿಲ್ಲಿಸಿದರೆ ನಿಲ್ಲಿಸಿದಲ್ಲೇ ಇರುತ್ತಾರೆ. ಪಿಟ್ ಅನ್ನುವುದಿಲ್ಲ. ಎಲ್ಲ ನಾವು ಬೆಳೆಸುವ ರೀತಿಯಲ್ಲಿದೆ."

ಅಷ್ಟು ಹೇಳಿ ಬಿಳಿಯಕ್ಕ ಹಾರಿಹೋದಳು. ಗೀರಮ್ಮನ ಮುಖ ಚಿಕ್ಕದಾಯಿತು. ಅವಳು ಒಳ್ಳೆಯ ತಾಯಿ, ಅದರಲ್ಲಿ ಅನುಮಾನವಿಲ್ಲ. ಆದರೆ ನೆರೆಯವರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ ಅವಳಿಗೆ ಮೊದಲಿನಿಂದಲೂ ಸ್ವಲ್ಪ ಹೆಚ್ಚು. ಬೆಳೆಸುವ ರೀತಿ ಎಂಬ ಮಾತು ದಿನವಿಡೀ ಅವಳನ್ನು ಚುಚ್ಚುತ್ತಲೇ ಇತ್ತು.

ಮರುದಿನ ಅವಳು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡಳು.

"ಇವತ್ತಿನಿಂದ ನಮ್ಮ ಮನೆಯಲ್ಲಿ ಸದ್ದಿಲ್ಲ. ಸದ್ದು ಮಾಡದವರೇ ಜಾಣರು. ಗೊತ್ತಾಯಿತಾ?"

"ಅಳು ಬಂದರೆ?" ಎಂದಳು ಚಿಟುಕಿ.

"ಮೆಲ್ಲಗೆ ಅಳು."

"ನಗು ಬಂದರೆ?"

"ಬಾಯಿ ಮುಚ್ಚಿಕೊಂಡು ನಗು."

ಚಿಟುಕಿ ಮುಂಗಾಲು ಎರಡನ್ನೂ ಬಾಯಿಗೆ ಒತ್ತಿಕೊಂಡು ತೋರಿಸಿದಳು. ಹೀಗಾ ಎಂಬಂತೆ ಕಣ್ಣರಳಿಸಿದಳು.

"ಹೂಂ, ಹಾಗೇ! ನನ್ನ ಜಾಣಮರಿ!" ಎಂದು ಗೀರಮ್ಮ ಅವಳ ನೆತ್ತಿಗೆ ಮೂತಿಯಿಟ್ಟು ಮುದ್ದಿಸಿದಳು.

ಮುದ್ದೆ ಹುಟ್ಟಿದ ಮೇಲೆ ಅಮ್ಮ ಹೀಗೆ ತನ್ನೊಬ್ಬಳನ್ನೇ ಹಿಡಿದು ಮುದ್ದಿಸಿದ್ದು ಚಿಟುಕಿಗೆ ನೆನಪೇ ಇರಲಿಲ್ಲ. ಇಂಥ ಮುದ್ದು ಸಿಗುವುದಾದರೆ ಅವಳು ಏನು ಬೇಕಾದರೂ ಮಾಡಲು ಸಿದ್ಧ. ಅಂದಿನಿಂದ ಅವಳ ಹಾಡು ನಿಂತಿತು. ಹಟವೂ ನಿಂತಿತು. ಮುರಿದ ಹಣ್ಣು ಕೊಟ್ಟರೂ ತೆಪ್ಪಗೆ ತಿಂದಳು. ಮಾತು ತುಟಿಗೆ ಬಂದಾಗಲೆಲ್ಲ ಕಾಲುಗಳು ತಾವಾಗಿಯೇ ಬಾಯಿಗೆ ಹೋಗುತ್ತಿದ್ದವು.

ಮುದ್ದೆಗೆ ಮಾತ್ರ ಈ ಪಾಠ ಹತ್ತಲಿಲ್ಲ. ಬಾಯಿ ಮುಚ್ಚು ಎಂದರೆ ಅಮ್ಮನ ಬಾಯನ್ನೇ ಮುಚ್ಚುತ್ತಿದ್ದ. ಅದೇ ಆಟವೆಂದು ಖುಷಿಯಾಗಿ "ಕೀಚ್!" ಎನ್ನುತ್ತಿದ್ದ.

ಒಂದು ಸಂಜೆ ಚಿಟುಕಿಯನ್ನು ಮಲಗಿಸುವಾಗ ಅವಳ ಹಿಂಗಾಲು ಊದಿಕೊಂಡಿದ್ದು ಗೀರಮ್ಮನಿಗೆ ಕಂಡಿತು. ಕೆಂಜಿಗ ಕಚ್ಚಿದ ಗುರುತು.

"ಅಯ್ಯೋ, ಯಾವಾಗ ಕಚ್ಚಿತೇ? ಹೇಳಬಾರದಿತ್ತಾ?"

"ಬೆಳಿಗ್ಗೆ," ಎಂದು ಪಿಸುಗುಟ್ಟಿದಳು ಚಿಟುಕಿ. "ಸದ್ದು ಮಾಡಬಾರದಲ್ವಾ ಅಮ್ಮ. ನಾನು ಜಾಣೆ ತಾನೇ?"

ಗೀರಮ್ಮನಿಗೆ ಒಳಗೆಲ್ಲೋ ಚುಳ್ ಎಂದಿತು. ಊದಿದ ಕಾಲನ್ನು ನೆಕ್ಕಿ ನೆಕ್ಕಿ ತಂಪು ಮಾಡಿದಳು. ಆದರೆ ಮರುದಿನ ಬಿಳಿಯಕ್ಕ ಮೇಲಿನಿಂದ ಬಗ್ಗಿ, "ಭೇಷ್ ಗೀರಮ್ಮ! ದೊಡ್ಡವಳು ಚಿನ್ನದಂಥ ಹುಡುಗಿ. ಇನ್ನು ಆ ಚಿಕ್ಕವನನ್ನೂ ತಿದ್ದಿಬಿಡು" ಎಂದದ್ದೇ ತಡ, ಒಳಗೆ ಚುಳ್ ಎಂದದ್ದು ಮರೆತೇಹೋಯಿತು. ಬಾಲವನ್ನು ಇನ್ನಷ್ಟು ಎತ್ತಿ ಹಿಡಿದು ಓಡಾಡಿದಳು.

ಹೀಗಿರುವಾಗ ಒಂದು ಮಧ್ಯಾಹ್ನ. ಹಿಂದಿನ ರಾತ್ರಿಯೆಲ್ಲ ಮುದ್ದೆಗೆ ಹಲ್ಲು ಮೂಡುವ ನೋವು, ಗೀರಮ್ಮನಿಗೆ ನಿದ್ದೆಯಿಲ್ಲ. ಬಿಸಿಲು ಏರಿದಂತೆ ಅವಳ ಕಣ್ಣುಗಳು ತಾವಾಗಿಯೇ ಮುಚ್ಚತೊಡಗಿದವು.

"ಚಿಟುಕಿ, ಅಮ್ಮ ಒಂದು ಗಳಿಗೆ ಮಲಗುತ್ತೇನೆ. ತಮ್ಮನನ್ನು ನೋಡಿಕೋ. ಸದ್ದು ಮಾಡಬೇಡಿ. ನನ್ನನ್ನು ಎಬ್ಬಿಸಬೇಡ, ಆಯಿತಾ?"

ಚಿಟುಕಿ ತಲೆಯಾಡಿಸಿದಳು. ಗೀರಮ್ಮ ಗೂಡಿನ ಬಾಯಲ್ಲೇ ಮುದುಡಿಕೊಂಡು ಮಲಗಿದಳು. ತಂಗಾಳಿ ಬೀಸಿತು. ಗಾಢ ನಿದ್ದೆ.

"ಕೀಚ್!"

ನಿದ್ದೆಯಲ್ಲೇ ಅವಳು ಹುಬ್ಬು ಗಂಟಿಕ್ಕಿದಳು. ಇವನೊಬ್ಬ, ಎಂದುಕೊಂಡು ಮಗ್ಗುಲು ಬದಲಿಸಿದಳು.

"ಕೀಚ್! ಕೀಚ್! ಕೀಚ್!"

ಗೀರಮ್ಮ ಸಿಡುಕಿನಿಂದಲೇ ಕಣ್ಣು ಬಿಟ್ಟಳು.

ಎದುರಿನ ಕೊಂಬೆಯ ಮೇಲೆ ಉದ್ದನೆಯ ಕೇರೆಹಾವು. ನಾಲಗೆ ಆಡಿಸುತ್ತ ಸದ್ದಿಲ್ಲದೆ ಸರಿದು ಬರುತ್ತಿದೆ. ಕೊಂಬೆಯ ತುದಿಯಲ್ಲಿ ಮುದ್ದೆ. ಅವನಿಗೂ ಹಾವಿಗೂ ನಡುವೆ ಚಿಟುಕಿ. ತಮ್ಮನಿಗೆ ಅಡ್ಡವಾಗಿ ನಿಂತಿದ್ದಾಳೆ. ಕಣ್ಣಿಂದ ನೀರು ಸುರಿಯುತ್ತಿದೆ. ಮುಂಗಾಲು ಎರಡನ್ನೂ ಬಾಯಿಗೆ ಬಿಗಿಯಾಗಿ ಒತ್ತಿಕೊಂಡಿದ್ದಾಳೆ.

"ಚಿಕ್ ಚಿಕ್ ಚಿಕ್ ಚಿಕ್!" ಗೀರಮ್ಮ ಮರ ಬಿರಿಯುವಂತೆ ಕಿರುಚಿದಳು. ಒಂದೇ ನೆಗೆತಕ್ಕೆ ಎದುರಿನ ಕೊಂಬೆಗೆ ಹಾರಿ ಹಾವಿನ ಬಾಲ ಕಚ್ಚಿದಳು. ಹಾವು ಬುಸ್ಸೆಂದು ಹಿಂದಕ್ಕೆ ತಿರುಗಿತು. ಅಷ್ಟರಲ್ಲಿ ಅವಳ ಕೂಗು ಕೇಳಿ ಪಕ್ಕದ ಮರದಿಂದ ಗೊರವಂಕಗಳ ಹಿಂಡೇ ನುಗ್ಗಿ ಬಂತು. ಹತ್ತಾರು ಕೊಕ್ಕುಗಳು ಒಟ್ಟಿಗೆ ಮೇಲೆರಗಿದವು. ಹಾವು ಹಿಡಿತ ತಪ್ಪಿ, ಜಾರಿ, ದೊಪ್ಪೆಂದು ಕೆರೆಗೆ ಬಿತ್ತು. ನೀರಿನಲ್ಲಿ ಹರಿದು ಜೊಂಡಿನೊಳಗೆ ಮಾಯವಾಯಿತು.

ಗೀರಮ್ಮ ಇಬ್ಬರನ್ನೂ ಗೂಡಿನೊಳಗೆ ಎಳೆದುಕೊಂಡಳು. ಬಾಲ, ಕಿವಿ, ಕಾಲು, ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಗಾಯವಿರಲಿಲ್ಲ. ಆಗ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ತೀರಾ ಹೆದರಿದಾಗ ಅಮ್ಮಂದಿರಿಗೆ ಹಾಗಾಗುತ್ತದೆ.

"ಯಾಕೆ ಕೂಗಲಿಲ್ಲ ನೀನು? ಇಷ್ಟು ಹತ್ತಿರ ಬರುವವರೆಗೆ ಯಾಕೆ ಸುಮ್ಮನಿದ್ದೆ?"

ಚಿಟುಕಿ ಬಾಯಿಂದ ಕಾಲು ತೆಗೆದಳು. "ನೀನು ಮಲಗಿದ್ದೆಯಲ್ಲ. ಎಬ್ಬಿಸಬೇಡ ಅಂದಿದ್ದೆ."

"ಹಾವು ಬಂದರೂ ಎಬ್ಬಿಸಬಾರದಾ?"

"ಹಾವು ಬಂದರೆ ಎಬ್ಬಿಸಬಹುದು ಅಂತ ನೀನು ಹೇಳಿರಲಿಲ್ಲವಲ್ಲಮ್ಮ."

ಚಿಟುಕಿಯೇ ಮತ್ತೆ ಮೆಲ್ಲಗೆ ಹೇಳಿದಳು, "ಕೂಗಬೇಡ, ಕೂಗಬೇಡ ಅಂತ ಮುದ್ದೆಗೆ ಸನ್ನೆ ಮಾಡಿದೆ. ಅವನಿಗೆ ಗೊತ್ತಾಗಲಿಲ್ಲ. ಪಾಪ, ಅವನು ಚಿಕ್ಕವನು. ಬೈಬೇಡ ಅಮ್ಮ."

ಗೀರಮ್ಮ ಮಗಳನ್ನು ಬರಸೆಳೆದು ಎದೆಗೆ ಒತ್ತಿಕೊಂಡಳು.

"ನೀನೂ ಚಿಕ್ಕವಳೇ ಕಣೇ," ಎಂದಳು. "ನಾನೇ ಮರೆತುಬಿಟ್ಟಿದ್ದೆ. ತಪ್ಪು ನನ್ನದು, ನನ್ನ ಕಂದ. ನಿನ್ನದಲ್ಲ."

ಇಬ್ಬರ ನಡುವೆ ಸಿಕ್ಕಿಬಿದ್ದ ಮುದ್ದೆ ಉಸಿರುಕಟ್ಟಿ "ಕೀಚ್!" ಎಂದ. ಅವನನ್ನು ಯಾರೂ ಬೈಯಲಿಲ್ಲ.

ಅಷ್ಟು ಹೊತ್ತಿಗೆ ಬಿಳಿಯಕ್ಕ ರೆಕ್ಕೆ ಬಡಿಯುತ್ತ ಬಂದಳು.

"ಏನಿದು ಗೀರಮ್ಮ, ಹಾಡುಹಗಲಲ್ಲಿ ಇಷ್ಟೊಂದು ರಂಪ? ಕೊಕ್ಕಿಗೆ ಬಂದ ಮೀನು ತಪ್ಪಿಹೋಯಿತು!"

"ಹಾವು ಬಂದಿತ್ತು ಅಕ್ಕ," ಎಂದಳು ಗೀರಮ್ಮ. ಈ ಸಲ ಅವಳ ದನಿ ಅಂಜಲಿಲ್ಲ. "ನಮ್ಮಲ್ಲಿ ಸದ್ದಾದರೆ ನಿಮ್ಮ ಮೀನು ತಪ್ಪುತ್ತೆ, ನಿಜ. ಸದ್ದಾಗದಿದ್ದರೆ ನನ್ನ ಮಕ್ಕಳು ತಪ್ಪಿಹೋಗುತ್ತಿದ್ದರು. ನೀವು ಮೀನು ಹಿಡಿಯುವ ಹೊತ್ತು ಹೇಳಿ, ಆಗ ಇವರನ್ನು ಏರಿಯ ಆಚೆ ಬದಿಗೆ ಆಡಲು ಕರೆದುಕೊಂಡು ಹೋಗುತ್ತೇನೆ. ಬಾಯಿ ಮಾತ್ರ ಇನ್ನು ಮುಚ್ಚಿಸಲಾರೆ."

ಬಿಳಿಯಕ್ಕ ಏನೋ ಹೇಳಲು ಕೊಕ್ಕು ತೆರೆದಳು. ಅಷ್ಟರಲ್ಲಿ ಜೊಂಡಿನ ಪಕ್ಕದಲ್ಲಿ ಪಿಟ್ ಎನ್ನದೆ ನಿಂತಿದ್ದ ತನ್ನ ಮೂರು ಮಕ್ಕಳ ಕಡೆ ಅವಳ ಕಣ್ಣು ಹೋಯಿತು. ಮಾತು ಅಲ್ಲಿಗೇ ಬಿಟ್ಟು ಅವರ ಬಳಿಗೆ ಹಾರಿದಳು.

ಬಿಸಿಲು ಇಳಿದ ಮೇಲೆ ಗೀರಮ್ಮ ಚಿಟುಕಿಯನ್ನು ಮರದ ಎತ್ತರದ ಕೊಂಬೆಗೆ ಕರೆದುಕೊಂಡು ಹೋದಳು. ಮುದ್ದೆ ಅಮ್ಮನ ಬೆನ್ನಿಗೆ ಜೋತುಬಿದ್ದಿದ್ದ.

"ಈಗ ಕೂಗು," ಎಂದಳು.

"ಯಾರನ್ನು?"

"ನನ್ನನ್ನೇ. ನಾನು ಗಾಢ ನಿದ್ದೆಯಲ್ಲಿದ್ದೇನೆ ಅಂದುಕೋ. ನಿನಗೆ ಭಯವಾಗಿದೆ ಅಂದುಕೋ."

ಚಿಟುಕಿ ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಮತ್ತೆ ತೆರೆದಳು. ಅಭ್ಯಾಸಬಲದಿಂದ ಕಾಲುಗಳು ಬಾಯಿಯ ಕಡೆಗೆ ಹೊರಟವು. ಗೀರಮ್ಮ ಆ ಪುಟ್ಟ ಕಾಲುಗಳನ್ನು ತನ್ನ ಕಾಲುಗಳಲ್ಲಿ ಹಿಡಿದುಕೊಂಡಳು. ಅವಸರ ಮಾಡಲಿಲ್ಲ. ಕೆರೆಯ ನೀರು ಕೆಂಪಗಾಗುತ್ತಿತ್ತು.

"ಅಮ್ಮ," ಎಂದಳು ಚಿಟುಕಿ, ಎಲೆಗೂ ಕೇಳಿಸದಂತೆ.

"ಇನ್ನೂ ಮಲಗೇ ಇದ್ದೇನೆ."

"ಅಮ್ಮಾ."

"ಹೂಂ... ನಿದ್ದೆ..."

"ಅಮ್ಮಾಆಆ!"

ಪಕ್ಕದ ಕೊಂಬೆಯ ಕಾಗೆ ಬೆಚ್ಚಿ ಹಾರಿತು. ಕೆರೆಯ ಆಚೆ ದಡದಿಂದ ಆ ಕೂಗು ತಿರುಗಿ ಬಂತು. ತನ್ನ ಗಂಟಲಲ್ಲಿ ಇಷ್ಟು ದೊಡ್ಡ ದನಿ ಇತ್ತೇ ಎಂದು ಚಿಟುಕಿ ಒಂದು ಕ್ಷಣ ತಾನೇ ಬೆರಗಾದಳು. ಆಮೇಲೆ ಬಾಯಿ ತುಂಬ ನಕ್ಕಳು. ಗೀರಮ್ಮನೂ ನಕ್ಕಳು, ಕಣ್ಣು ಒರೆಸಿಕೊಳ್ಳುತ್ತ.

ನೀತಿ: ಸುಮ್ಮನಿರುವ ಮಗುವನ್ನು ಜಾಣ ಮಗು ಎಂದು ಹೊಗಳುವ ಮೊದಲು, ಭಯವಾದಾಗ ಕೂಗಿ ಕರೆಯುವ ಧೈರ್ಯವನ್ನು ಅದಕ್ಕೆ ಕೊಡಬೇಕು.