ನೆರಳುದೊಣೆಯಲ್ಲಿ ಸೂರ್ಯದೇವನು ಕಾದು ನಿಂತ ಕಥೆ

ಸಕಲ ಜೀವರಾಶಿಗೂ ಬೆಳಕನ್ನೂ ಅನ್ನವನ್ನೂ ಕರುಣಿಸುವ ಶ್ರೀ ಸೂರ್ಯನಾರಾಯಣನ ಪಾದಾರವಿಂದಗಳಿಗೆ ವಂದಿಸಿ ಈ ಕ್ಷೇತ್ರದ ಮಹಿಮೆಯನ್ನು ಹೇಳುತ್ತೇವೆ. ಬೆಟ್ಟ ಹತ್ತಿ ದಣಿದವರು ಕುಳಿತು ಕೇಳಬೇಕು.

ದ್ವಾಪರಯುಗದ ಅಂತ್ಯಕಾಲದಲ್ಲಿ, ಈ ಶಿಲಾಮಯ ಪರ್ವತದ ಉತ್ತರ ತಪ್ಪಲಿನ ಗೊಲ್ಲರ ಹಟ್ಟಿಗೆ ಚಿತ್ತಮ್ಮನೆಂಬ ಸಾಧ್ವಿಯು ಸೊಸೆಯಾಗಿ ಬಂದಳು. ಬೆಟ್ಟದ ಬಂಡೆಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುವುದರಿಂದ, ದನ ಕಾಯುವವರು ನಡುಹಗಲಲ್ಲಿ ಕೋಲನ್ನು ಊರಿ, ಅದರ ನೆರಳು ಚಾಚಿದ ಕಡೆಗೆ ಹಟ್ಟಿಯೆಂದು ತಿಳಿದು ಮರಳುವುದು ವಾಡಿಕೆ. ಆದರೆ ಅವರು ಬೆಟ್ಟ ಹತ್ತುತ್ತಿದ್ದುದು ಚಳಿಗಾಲದಲ್ಲಿ ಮಾತ್ರ. ಆ ವರ್ಷ ಹೊಳೆದಂಡೆಯ ಹುಲ್ಲು ಬೇಗ ತೀರಿತು. ಗಂಡನು ಜ್ವರದಿಂದ ಮಲಗಿದ್ದ. ಜ್ಯೇಷ್ಠಮಾಸದ ಒಂದು ಮುಂಜಾನೆ ಚಿತ್ತಮ್ಮ ತಾನೇ ಕೋಲು ಹಿಡಿದಳು.

“ನೀನಾ?” ಎಂದಳು ಅತ್ತೆ ಜುಂಜಮ್ಮ. “ನೀರಿಗೆ ಹೋಗಿ ಪಕ್ಕದ ಮನೇಲಿ ಕೊಡ ಇಳಿಸಿ ಬಂದೋಳು! ಹನ್ನೆರಡು ಹಸು, ಒಂದು ಎಳೆಗರು. ಒಂದು ಕಮ್ಮಿಯಾದ್ರೂ ಒಳಗೆ ಕಾಲಿಡಬೇಡ. ಹೊತ್ತು ಮುಳುಗಿದ ಮೇಲೆ ಬೆಟ್ಟ ಚಿರತೆದು, ತಿಳೀತಾ?”

ಚಿತ್ತಮ್ಮ ತಲೆಯಾಡಿಸಿದಳು. ದನಗಳನ್ನು ಹೊಡೆದುಕೊಂಡು ಬೆಟ್ಟ ಹತ್ತಿದಳು.

ನಡುಹಗಲಲ್ಲಿ ಕೋಲು ಊರಿದಳು. ಗೇಣುದ್ದದ ನೆರಳು ಬಿತ್ತು. ಅದನ್ನೇ ನಂಬಿ ಒಂದು ಜಾವ ನಡೆದರೆ ಎದುರಾದದ್ದು ಹಟ್ಟಿಯಲ್ಲ, ದಕ್ಷಿಣದ ಘೋರಾರಣ್ಯ! ಭಾಸ್ಕರನು ಅಂದು ಉತ್ತರದ ತುತ್ತತುದಿಗೆ ಏರಿದ್ದರಿಂದ ನೆರಳು ತಿರುಗಿ ಬಿದ್ದಿತ್ತೆಂಬುದು ಆ ಮುಗ್ಧೆಗೆ ತಿಳಿಯದು. ನೀರಿಲ್ಲದೆ ಹಸುಗಳ ನಾಲಿಗೆ ಹೊರಬಿದ್ದಿತ್ತು. ಕರು ಮುಗ್ಗರಿಸಿ ಮಲಗಿಬಿಟ್ಟಿತು. ಹುಟ್ಟಿದಾಗಿನಿಂದ ಯಾರನ್ನೂ ಗದರದ ಚಿತ್ತಮ್ಮ ಕೋಲನ್ನು ನೆಲಕ್ಕೆ ನೆಟ್ಟು ಮುಖವೆತ್ತಿದಳು.

“ಏನಪ್ಪಾ ಸೂರಪ್ಪಾ, ಅಷ್ಟು ದೊಡ್ಡೋನಾಗಿ ಹೀಗಾ ಮಾಡೋದು? ದಾರಿ ತಪ್ಪಿಸಿದೋನು ನೀನು, ಬೈಸಿಕೊಳ್ಳೋಳು ನಾನು! ಈ ಕರು ಏಳೋವರೆಗೂ ನಾನೂ ಏಳಲ್ಲ, ನೀನೂ ಇಳಿಯಕೂಡದು.”

ಆಗ ಗಗನಮಂಡಲವು ಮೊಳಗಿತು: “ವತ್ಸೇ, ನನ್ನ ಪಥವನ್ನು ನಾನು ಬದಲಿಸಲಾರೆ, ಆದರೆ ನನ್ನನ್ನು ನಂಬಿ ನಡೆದವಳನ್ನು ಕತ್ತಲೆಗೆ ಒಪ್ಪಿಸಲಾರೆ. ನಿನ್ನ ದಂಡದ ಛಾಯಾಗ್ರದಲ್ಲಿ ಮಣ್ಣನ್ನು ಕೆದಕು. ನಿನ್ನ ಕರುವು ಮನೆ ಸೇರುವ ತನಕ ನಾನು ಅಸ್ತಮಿಸೆನು.”

ಕೆದಕಿದಲ್ಲಿ ಸ್ಫಟಿಕಸದೃಶವಾದ ಜಲವು ಉಕ್ಕಿತು. ಹಸುಗಳು ಹೊಟ್ಟೆ ಬಿರಿಯೆ ಕುಡಿದವು. ಕರುವಂತೂ ಕುಡಿಯಿತು, ಕುಣಿಯಿತು, ಮತ್ತೆ ಕುಡಿಯಿತು. ಚಿತ್ತಮ್ಮ ಬಂದ ಹೆಜ್ಜೆಗುರುತನ್ನೇ ಹಿಡಿದು ದನಗಳನ್ನು ಹಟ್ಟಿಯತ್ತ ತಿರುಗಿಸಿದಳು. ಸಪ್ತಾಶ್ವರಥಾರೂಢನು ಪಡುವಣದಂಚಿನಲ್ಲಿ ಲಗಾಮು ಬಿಗಿಹಿಡಿದು ಕಾದನು.

ಹಟ್ಟಿಯಲ್ಲಿ ಎಲ್ಲರಿಗೂ ಸೋಜಿಗ. “ಮುದ್ದೆ ಆರಿ ಕಲ್ಲಾಯ್ತು, ಈ ಹೊತ್ತು ಮಾತ್ರ ಅಲ್ಲೇ ಕೂತೈತಲ್ಲೇ!” ಎಂದು ಜುಂಜಮ್ಮ ಬಾಗಿಲಿಗೂ ಒಲೆಗೂ ಅಲೆದಳು. ಕಡೆಗೆ ಹನ್ನೆರಡು ಹಸುಗಳೂ ಬಂದವು. ಎಲ್ಲಕ್ಕಿಂತ ಹಿಂದೆ ಕರು ಬಂತು. ಅದರ ಬಾಲ ತಡಿಕೆಬಾಗಿಲು ದಾಟಿದ್ದೇ ತಡ, ಸೂರ್ಯನು ಥಟ್ಟನೆ ಮುಳುಗಿದನು. ಜುಂಜಮ್ಮ ನೆಲ ಮುಟ್ಟಿ ಕೈಮುಗಿದು, ಸೊಸೆಯ ಕೈಯಿಂದ ಕೋಲು ಇಸಿದುಕೊಂಡು, “ಬಾ ತಾಯಿ, ಮೊದಲು ಉಣ್ಣು. ನಾಳೆನೂ ನೀನೇ ಹೋಗು” ಎಂದಳು.

ಅಂದಿನಿಂದ ಆ ಹಗಲು ವರ್ಷದ ಹಗಲುಗಳಲ್ಲೆಲ್ಲ ದೀರ್ಘವಾಯಿತೆಂದು ಹಿರಿಯರು ನಂಬುತ್ತಾರೆ. ಭಕ್ತರು ಎದುರಿಗೆ ಕಾಣುತ್ತಿರುವ ಬತ್ತದ ದೊಣೆಯೇ ಆ ತೀರ್ಥ. ಪ್ರತಿವರ್ಷ ಆ ದಿನ ಇದರ ನೀರನ್ನು ಮೊದಲು ಕರುಗಳಿಗೆ ಕುಡಿಸಿ, ಬಳಿಕ ಭಕ್ತರಿಗೆ ಕೊಡಲಾಗುತ್ತದೆ. ಅಂದು ಸಂಜೆ ದನಗಳನ್ನು ಯಾರೂ ಅವಸರಪಡಿಸುವುದಿಲ್ಲ. ಅವು ನಿಂತಲ್ಲಿ ನಿಂತು, ಮೇದಲ್ಲಿ ಮೇದು ಬರುತ್ತವೆ, ಹಟ್ಟಿಯ ಹೆಂಗಸರು ದೀಪ ಹಚ್ಚದೆ ಬಾಗಿಲಲ್ಲಿ ಹರಟುತ್ತ ಕೂತಿರುತ್ತಾರೆ.